ಬರಿತಲೆಯ ಟೋಪಿಗಾರ

ಶಿಮೋನ್ ಕೊಪ್ರಿವಾ ಅವರು ಊರಿಗೆಲ್ಲ ಟೋಪಿ ಮಾಡಿಕೊಡುವವರಾಗಿದ್ದರು. ಆದರೆ ಊರ ನಟ್ಟನಡುವಿನ ಸಂತೆಚೌಕವನ್ನು ಅವರು ಟೋಪಿ ಧರಿಸಿ ದಾಟಿದ್ದನ್ನು, ಅವರ ಬಾಳಿನ ಕೊನೆಯ ಹಲವು ವರ್ಷಗಳಲ್ಲಿ, ಕಂಡವರು ಯಾರೂ ಇಲ್ಲ. ಔಷಧಿ ಅಂಗಡಿಯ ಮೂಲೆಗೆ ಬರುತ್ತಿದ್ದಂತೆ ಬಲಗೈ ತಾನಾಗಿ ಮೇಲೇಳುವುದು, ಟೋಪಿ ತಲೆಯಿಂದಿಳಿದು ಎಡಗಂಕುಳು ಸೇರುವುದು, ಆಮೇಲೆ ಎಡಗಾಲನ್ನು ತುಸು ಎಳೆದುಹಾಕುವ ಆ ನಡಿಗೆಯಲ್ಲಿ, ಅತ್ತಿತ್ತ ನೋಡದೆ, ಯಾರ ಮಾತಿಗೂ ನಿಲ್ಲದೆ ಅವರು ಚೌಕ ದಾಟುವರು. ಆಚೆ ಬೇಕರಿಯ ಮೆಟ್ಟಿಲ ಬಳಿ ಟೋಪಿ ಮತ್ತೆ ತಲೆಗೇರುವುದು. ಜನವರಿಯ ಗಾಳಿ ಕಿವಿ ಕೊಯ್ಯುವಂತೆ ಬೀಸುವಾಗಲೂ ಈ ವ್ರತಕ್ಕೆ ಭಂಗವಿರಲಿಲ್ಲ. ಟೋಪಿ ಮಾರುವವರೇ ಹೀಗೆ ಬರಿತಲೆಯಲ್ಲಿ ತಿರುಗಿದರೆ ವ್ಯಾಪಾರ ಆದಂತೆಯೇ ಎಂದು ಅವರ ಹೆಂಡತಿ ಗೊಣಗಿ ಗೊಣಗಿ ಸುಮ್ಮನಾದರು.

ನಮಸ್ಕಾರ ಸ್ವೀಕರಿಸಲು ಸಿದ್ಧರಾದವರಿಗೆ ನಮ್ಮ ಚೌಕದಲ್ಲಿ ಕೊರತೆಯಿರಲಿಲ್ಲ. ನಡುವಿನ ಕಂಬದ ಮೇಲೆ ದೇವಮಾತೆ ನಿಂತಿದ್ದಳು; ಪುರಸಭೆಯ ಬಾಗಿಲ ಮೇಲೆ ವಿಯೆನ್ನಾದ ಚಕ್ರವರ್ತಿಯ ಎರಡು ತಲೆಯ ಹದ್ದು ರೆಕ್ಕೆ ಬಿಚ್ಚಿ ಕೂತಿತ್ತು; ಅದರೆದುರಿಗೆ ಚೆಕ್ ಸಂಘದ ಕಟ್ಟಡದ ಮೇಲೆ ಕೆಂಪು ಬಿಳುಪಿನ ಬಾವುಟ ಹಾರುತ್ತಿತ್ತು. ಕೊಪ್ರಿವಾ ದೇವಮಾತೆಗೆ ನಮಿಸುತ್ತಾರೆಂದು ಪಾದ್ರಿಗಳು ಹಿಗ್ಗಿದರು. ಹಳೆಯ ಪುಂಡ ಕೊನೆಗೂ ಚಕ್ರವರ್ತಿಗೆ ಬಗ್ಗಿದನೆಂದು ಜಿಲ್ಲಾಧಿಕಾರಿಗಳು ಮೀಸೆಯಡಿಯಲ್ಲಿ ನಕ್ಕರು. ಬಾವುಟಕ್ಕಲ್ಲದೆ ಇನ್ನಾವುದಕ್ಕೆ ಎಂದು ಸಂಘದವರು ಎದೆಯುಬ್ಬಿಸಿದರು. ಮೂವರೂ ಒಬ್ಬ ಮನುಷ್ಯನ ಬರಿತಲೆಯನ್ನು ತಮ್ಮ ತಮ್ಮ ಖಾತೆಗೆ ಜಮಾ ಮಾಡಿಕೊಂಡರು. ಕೊಪ್ರಿವಾ ಯಾರನ್ನೂ ತಿದ್ದಲಿಲ್ಲ. ನನಗೆ ನಿಜ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವರು ಚೌಕ ದಾಟುವಾಗ ನಾನು ನನ್ನ ಕಿಟಕಿಯ ಪರದೆ ಎಳೆದುಬಿಡುತ್ತಿದ್ದೆ. ಪರರ ನಾಚಿಕೆಯನ್ನು ನೋಡುತ್ತ ನಿಲ್ಲುವುದು ಸಭ್ಯತೆಯಲ್ಲ.

ನಮ್ಮ ಊರಿನ ಹೆಸರನ್ನು ಬರೆಯಲು ನನಗೆ ಧೈರ್ಯವಿಲ್ಲ. ಅದಕ್ಕೆ ಚೆಕ್ ಭಾಷೆಯಲ್ಲೊಂದು, ಜರ್ಮನ್ ಭಾಷೆಯಲ್ಲೊಂದು ಹೆಸರಿದೆ. ಯಾವುದನ್ನು ಬರೆದರೂ ಅರ್ಧ ಊರು ನನ್ನ ಮೇಲೆ ಮುನಿಯುತ್ತದೆ. ಮೊರಾವಿಯಾದ ದಕ್ಷಿಣಕ್ಕೆ, ಚೆಕ್ಕರ ಗೋಧಿಹೊಲಗಳು ಮುಗಿದು ಜರ್ಮನರ ದ್ರಾಕ್ಷಿತೋಟಗಳು ಶುರುವಾಗುವ ಕಡೆ ಅದು ಇದೆ ಎಂದರೆ ಸಾಕು. ನಾನು ಅಲ್ಲಿಯ ಚರ್ಚಿನಲ್ಲಿ ಆರ್ಗನ್ ನುಡಿಸುವವನು, ಊರವರ ಬಾಯಲ್ಲಿ ಮೇಷ್ಟ್ರು. ಭಾನುವಾರದ ಮೊದಲ ಪೂಜೆ ಜರ್ಮನರದು, ಎರಡನೆಯದು ಚೆಕ್ಕರದು. ನಾನು ಎರಡಕ್ಕೂ ನುಡಿಸುತ್ತಿದ್ದೆನಾದ್ದರಿಂದ ಎರಡು ಕಡೆಯವರಿಗೂ ನನ್ನ ಮೇಲೆ ಅಷ್ಟಕ್ಕಷ್ಟೇ. ಕೊಪ್ರಿವಾ ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮೊಲದ ತುಪ್ಪಳವನ್ನು ಬಿಸಿನೀರಿನಲ್ಲಿ ಬೇಯಿಸಿ, ಉಜ್ಜಿ, ಮರದ ಅಚ್ಚಿನ ಮೇಲೆ ಎಳೆದು ಟೋಪಿಯಾಗಿಸುವಾಗ ಏಳುವ ಒದ್ದೆ ನಾಯಿಯ ವಾಸನೆ ನನ್ನ ಹಾಸಿಗೆ ಬಟ್ಟೆಗೂ ಹತ್ತಿತ್ತು.

ಕೊಪ್ರಿವಾ ಆಳು ಗಿಡ್ಡ, ಕತ್ತು ದಪ್ಪ. ಕಂದುಬಣ್ಣದ ದಪ್ಪ ಕೋಟು, ಎದೆಯ ಮೇಲೆ ಗುಂಡಿಗಳ ಬದಲು ಹುರಿಯ ಕುಣಿಕೆಗಳು: ಅದು ಆ ಕಾಲದ ಚೆಕ್ ದೇಶಾಭಿಮಾನಿಗಳ ಕೋಟು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ನೆತ್ತಿಯ ಸುತ್ತಳತೆ ನೋಡುವರು. ಹೆಸರು ಮರೆತರೂ ತಲೆ ಮರೆಯರು. ಒಪ್ಪಿಗೆಯಿಲ್ಲದ ಮಾತಿಗೆಲ್ಲ 'ಸರಿಯಪ್ಪ, ಸರಿ' ಎನ್ನುವರು. ಆ ಎರಡನೆಯ 'ಸರಿ' ಬಿದ್ದ ಮೇಲೆ ಅವರನ್ನು ಅಲುಗಿಸಲು ದೇವರಿಂದಲೂ ಆಗದು. ಇನ್ನೊಂದು ಅಭ್ಯಾಸವಿತ್ತು, ಅದು ಅವರ ಅರಿವಿಗೆ ಮೀರಿದ್ದು. ಗಿರಾಕಿಯ ತಲೆಗೆ ಪಟ್ಟಿ ಸುತ್ತಿ ಅಳೆಯುವಾಗ ಅವರು ತುಟಿಯೊಳಗೆ ಎಣಿಸುತ್ತಿದ್ದುದು ಜರ್ಮನಿನಲ್ಲಿ. ಚೆಕ್ ನುಡಿಯ ಹಿರಿಮೆಯ ಮೇಲೆ ಸಂಘದಲ್ಲಿ ಗಂಟಲು ಹರಿಯುವಂತೆ ಭಾಷಣ ಮಾಡಿ ಬಂದ ದಿನವೂ ಎಣಿಕೆ ಮಾತ್ರ ಜರ್ಮನ್. ಕಟುಕ ವೊಂದ್ರಾ ಒಮ್ಮೆ ತಲೆ ಒಡ್ಡಿಕೊಂಡು ಕೂತು, "ಏನ್ ಯಜಮಾನ್ರೇ, ನನ್ನ ತಲೆ ಚೆಕ್ ತಲೆ ಕಣ್ರೀ, ಚೆಕ್ಕಲ್ಲೇ ಎಣಿಸ್ರಿ!" ಎಂದದ್ದಕ್ಕೆ ಕೊಪ್ರಿವಾ ಕಿವಿಯವರೆಗೂ ಕೆಂಪಾಗಿ ಮತ್ತೆ ಒಂದರಿಂದ ಶುರುಮಾಡಿದರು. ಚೆಕ್ಕಿನಲ್ಲಿ ಎಣಿಸಿ ಮಾಡಿದ ಆ ಟೋಪಿ ವೊಂದ್ರಾನ ಕಿವಿಯ ಮೇಲೆ ಬಂದು ಕೂತಿತೆಂದು ಊರು ಬಹಳ ದಿನ ನಕ್ಕಿತು.

ಆ ಎಣಿಕೆ ಅವರಿಗೆ ಬಂದದ್ದು ಮಕ್ಕಳ ಅದಲುಬದಲಿನಿಂದ. ನಮ್ಮ ಕಡೆ ತಲೆತಲಾಂತರದಿಂದ ನಡೆದುಬಂದ ಪದ್ಧತಿ ಅದು: ಚೆಕ್ ಮನೆಯ ಮಗನೊಬ್ಬ ಜರ್ಮನ್ ಮನೆಗೆ, ಆ ಮನೆಯ ಮಗ ಇವರ ಮನೆಗೆ, ಒಂದು ವರ್ಷದ ಮಟ್ಟಿಗೆ. ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ನನ್ನ ಮಗನಿಗೆ ನೀನು ಬಡಿಸು, ನಿನ್ನ ಮಗನಿಗೆ ನಾನು ಬಡಿಸುತ್ತೇನೆ, ಇಷ್ಟೇ ಕರಾರು. ಹೋದವನು ಮಾತು ಕಲಿತು ಬರುವನು. ಸಾಯುವವರೆಗೂ ಅವನಿಗೆ ಎರಡು ಮನೆ, ಇಬ್ಬರು ತಾಯಂದಿರು. ಹನ್ನೊಂದರ ಶಿಮೋನ್ ಗುಡ್ಡದಾಚೆಯ ದ್ರಾಕ್ಷಿತೋಟದ ಹಳ್ಳಿಗೆ, ಅಪೊಲೋನಿಯಾ ಹಾಬರ್ಲ್ ಎಂಬಾಕೆಯ ಮನೆಗೆ ಹೋದ. ಆಕೆಯ ಮಗ ಮಟ್ಟೇಸ್ ಇಲ್ಲಿಗೆ ಬಂದ. ಶಿಮೋನ್ ಮೊದಲ ವಾರವೆಲ್ಲ ಅತ್ತ, ತುತ್ತು ಮುಟ್ಟಲಿಲ್ಲ. ಅವನು ಮುಂದೆ ಲೋನಿ ಅಮ್ಮ ಎಂದು ಕರೆದ ಆಕೆ, ದಾರಿಯಲ್ಲಿ ಹೋಗುವ ಚೆಕ್ ಗಾಡಿಯವನೊಬ್ಬನನ್ನು ನಿಲ್ಲಿಸಿ, ಅವನಿಗೊಂದು ಲೋಟ ದ್ರಾಕ್ಷಾರಸ ಕೊಟ್ಟು, ಅವನ ಭಾಷೆಯ ಒಂದೇ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಒಳಗೆ ಬಂದು, ಹುಡುಗನ ಮುಂದೆ ಬಟ್ಟಲಿಟ್ಟು ಹೇಳಿದಳು: "ಉಣ್ಣು ಕಂದಾ, ಅಳಬ್ಯಾಡ." ಅವಳ ಉಚ್ಚಾರಣೆ ಎಷ್ಟು ಸೊಟ್ಟಗಿತ್ತೆಂದರೆ ಹುಡುಗನಿಗೆ ಅಳುವಿನ ನಡುವೆಯೇ ನಗು ಬಂತಂತೆ, ನಕ್ಕವನು ಉಂಡನಂತೆ. ಇದನ್ನು ಕೊಪ್ರಿವಾ ಅವರೇ ನನಗೆ ಹೇಳಿದ್ದು, ಸಂಘ ಗಿಂಘ ಹುಟ್ಟುವ ಮುಂಚಿನ ಒಂದು ಸಂಜೆ, ಪ್ಲಮ್ ಹಣ್ಣಿನ ಲೇಹ್ಯವನ್ನು ಬ್ರೆಡ್ಡಿಗೆ ಸವರುತ್ತ.

ಆ ಲೇಹ್ಯವೂ ಲೋನಿ ಅಮ್ಮನದೇ. ಮಟ್ಟೇಸ್ ಸೈನ್ಯಕ್ಕೆ ಸೇರಿ ಬೋಸ್ನಿಯಾದಲ್ಲಿ ಚಕ್ರವರ್ತಿಗಾಗಿ ಸತ್ತ ಮೇಲೆ ಆಕೆಗೆ ಉಳಿದವನು ಈ ಅದಲುಬದಲಿನ ಮಗ ಒಬ್ಬನೇ. ಪ್ರತಿ ಶರತ್ಕಾಲದ ಸಂತೆಗೆ ಒಂದು ಮಣ್ಣಿನ ಗಡಿಗೆ ತುಂಬ ಲೇಹ್ಯ ಹೊತ್ತು, ಗುಡ್ಡ ಇಳಿದು ಬರುವಳು.

ಇಂಥ ಮನುಷ್ಯ ಜರ್ಮನರ ವೈರಿಯಾದದ್ದು ಹೇಗೆ? ಕೊಪ್ರಿವಾ ಅವರ ಪರವಾಗಿ ಹೇಳಬೇಕಾದ್ದನ್ನೂ ನಾನು ಹೇಳಬೇಕು. ಒಮ್ಮೆ ಅವರು ರೈಲುನಿಲ್ದಾಣದ ಕಿಂಡಿಯಲ್ಲಿ ಬ್ರನೋ ನಗರಕ್ಕೆ ಒಂದು ಟಿಕೆಟ್ಟನ್ನು ಚೆಕ್ಕಿನಲ್ಲಿ ಕೇಳಿದರು. ಕಿಂಡಿಯೊಳಗಿನ ಗುಮಾಸ್ತ ತಲೆಯೆತ್ತದೆಯೇ, "ಮನುಷ್ಯರ ಭಾಷೇಲಿ ಕೇಳಯ್ಯ" ಎಂದ. ಆ ಗುಮಾಸ್ತನಿಗಿಂತ ಸೊಗಸಾದ ಜರ್ಮನ್ ಕೊಪ್ರಿವಾ ಅವರ ನಾಲಿಗೆಯ ಮೇಲಿತ್ತು. ಅವರು ಮತ್ತೆ ಚೆಕ್ಕಿನಲ್ಲೇ ಕೇಳಿದರು. ಅವನು ಕಿಂಡಿ ಮುಚ್ಚಿದ. ರೈಲು ಬಂತು, ನಿಂತಿತು, ಹೋಯಿತು. ಸರದಿಯಲ್ಲಿದ್ದವರು, "ಅಲ್ಲಾ ಯಜಮಾನ್ರೇ, ಜರ್ಮನ್ನಲ್ಲೇ ಒಂದ್ ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದರೆ, "ಸರಿಯಪ್ಪ, ಸರಿ" ಎಂದು ಮನೆಗೆ ನಡೆದು ಬಂದರು. ಆ ದಿನ ನಾನು ಅವರನ್ನು ಮನಸಾರೆ ಗೌರವಿಸಿದೆ. ಇಂದಿಗೂ ಆ ಗೌರವವನ್ನು ಹಿಂತೆಗೆದುಕೊಳ್ಳಲಾರೆ.

ಆದರೆ ಅವಮಾನವೆಂಬುದು ಒಳಗೆ ಸುಮ್ಮನೆ ಮಲಗುವ ಪದಾರ್ಥವಲ್ಲ. ಹೆಂಡದಂಗಡಿಯಲ್ಲಿ ಜರ್ಮನ್ ಪತ್ರಿಕೆಗಳನ್ನು ಓದಿ ಚೆಕ್ಕಿನಲ್ಲಿ ಹೇಳಬಲ್ಲವರು ಕೊಪ್ರಿವಾ ಒಬ್ಬರೇ. ವಿಯೆನ್ನಾದ ಯಾವನೋ ಸಂಪಾದಕ ನಮ್ಮ ಜನರನ್ನು ಅಡಿಗೆಯವರ, ಕಸಗುಡಿಸುವವರ ಜನಾಂಗವೆಂದು ಬರೆದದ್ದನ್ನು ಅವರು ತುಸು ಒಗ್ಗರಣೆ ಹಾಕಿಯೇ ಓದುತ್ತಿದ್ದರು. ಗುಡ್ಡದಾಚೆಯೂ ಇದೇ ಕಥೆ: ನಮ್ಮ ಪತ್ರಿಕೆಗಳಲ್ಲಿನ ಬೈಗುಳವನ್ನು ಅಲ್ಲಿ ಜರ್ಮನಿಗೆ ತಿರುಗಿಸಿ ಓದುತ್ತಿದ್ದವರೂ ಅದಲುಬದಲಿನಲ್ಲಿ ಬೆಳೆದ ಮಕ್ಕಳೇ. ನೆರೆಯವನ ಭಾಷೆ ಕಲಿತವರೇ ನೆರೆಯವನ ಬೈಗುಳವನ್ನು ಮನೆಮನೆಗೆ ಹಂಚಿದರು. ಎರಡು ಭಾಷೆ ಬಾರದವರು ನೆಮ್ಮದಿಯಾಗಿದ್ದರು. ಅವರಿಗೆ ಯಾರು ಏನು ಬೈದರೆಂದೇ ತಿಳಿಯುತ್ತಿರಲಿಲ್ಲ.

ಕೊಪ್ರಿವಾ ಸಂಘದ ಅಧ್ಯಕ್ಷರಾದರು. ನಮ್ಮವರು ನಮ್ಮವರಲ್ಲೇ ಕೊಳ್ಳಬೇಕೆಂಬ ಕಟ್ಟಳೆಯಾಯಿತು. ಆಮೇಲೆ ಅವರೇ ವೇದಿಕೆಯೇರಿ, "ಇನ್ಮೇಲೆ ನಮ್ಮ ಮಕ್ಕಳು ಅವರ ಮನೆಗೆ ಹೋಗಬಾರದು. ಹೋದ ಮಗು ಅರ್ಧಾನೇ ವಾಪಸ್ಸು ಬರೋದು" ಎಂದರು. ಜನ ಬೆಂಚು ಕುಟ್ಟಿ ಮೆಚ್ಚಿದರು. ಅಷ್ಟು ಕಾಲದಿಂದ ನಡೆದುಬಂದ ಪದ್ಧತಿ ಒಂದು ಭಾಷಣಕ್ಕೆ ನಿಂತುಹೋಯಿತು. ಅರ್ಧ ಅಲ್ಲೇ ಉಳಿದ ಆ ಮಗು ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ.

ಆ ಶರತ್ಕಾಲದ ಸಂತೆಗೆ ಸಂಘದವರು ಔಷಧಿ ಅಂಗಡಿಯ ಮೂಲೆಯಲ್ಲಿ ಸಾಲಾಗಿ ನಿಂತು, ಜರ್ಮನರ ಗಾಡಿಗಳ ಕಡೆ ಹೋಗುವ ನಮ್ಮವರನ್ನು ತಡೆಯುತ್ತಿದ್ದರು. ನಡುವೆ ಕೊಪ್ರಿವಾ, ಹೊಸ ಟೋಪಿ, ಕೋಟಿನ ಮೇಲೆ ಸಂಘದ ದುಂಡನೆಯ ಬಿಲ್ಲೆ. ನಾನು ಎಲೆಕೋಸಿನ ಗಾಡಿಯ ಪಕ್ಕದಲ್ಲಿದ್ದೆ. ಲೋನಿ ಅಮ್ಮ ಬಂದಳು. ಆ ವರ್ಷ ಅವಳು ಬಹಳ ಇಳಿದುಹೋಗಿದ್ದಳು. ಗಡಿಗೆಯನ್ನು ನಾಲ್ಕು ಹೆಜ್ಜೆಗೊಮ್ಮೆ ಕೆಳಗಿಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ನೇರವಾಗಿ ಬಂದು ಅವರೆದುರು ನಿಂತು, ತನ್ನ ಭಾಷೆಯಲ್ಲಿ, ಸಂತೆಯ ಗದ್ದಲಕ್ಕೆ ಕೇಳಿಸಲೆಂದು ತುಸು ಗಟ್ಟಿಯಾಗಿಯೇ ಹೇಳಿದಳು: "ಸಿಮ್ಮರ್ಲ್, ಈ ಚಳಿ ನಾನು ದಾಟೋದಿಲ್ಲ ಕಣೋ. ಮಟ್ಟೇಸ್ ಅಂತೂ ಇಲ್ಲ. ಮೊದಲನೇ ಹಿಡಿ ಮಣ್ಣು ನೀನೇ ಹಾಕ್ಬೇಕು. ಬರ್ತೀಯ ತಾನೇ?"

ಸಿಮ್ಮರ್ಲ್ ಎಂಬುದು ಶಿಮೋನನ ಮುದ್ದಿನ ಹೆಸರು, ಜರ್ಮನ್ ಬಾಯಿಯಲ್ಲಿ. ಸಂಘದವರು ಅಧ್ಯಕ್ಷರ ಮುಖ ನೋಡಿದರು. ವೊಂದ್ರಾ ಕಿಸಕ್ಕೆಂದ, "ಓಹೋ, ಸಿಮ್ಮರ್ಲ್ ಅಂತೆ!"

ಹಿರಿಯರು ಎದುರಾದರೆ ಟೋಪಿ ತೆಗೆಯುವುದು ನಮ್ಮ ಕಡೆಯ ಮರ್ಯಾದೆ; ಕೊಪ್ರಿವಾ ತಲೆಯ ಮೇಲಿನ ಟೋಪಿಯನ್ನು ಮುಟ್ಟಲಿಲ್ಲ. ಚೆಕ್ಕಿನಲ್ಲಿ, ಕಿಂಡಿಯ ಗುಮಾಸ್ತನ ಗಂಟಲಿನಲ್ಲಿ ಹೇಳಿದರು: "ನನಗೆ ಜರ್ಮನ್ ಬರೋದಿಲ್ಲಮ್ಮ. ಇಲ್ಲಿ ಮಾತಾಡೋದಾದ್ರೆ ಚೆಕ್ಕಲ್ಲಿ ಮಾತಾಡಿ."

ಆಕೆಗೆ 'ಚೆಕ್' ಎಂಬುದಷ್ಟೇ ಅರ್ಥವಾಯಿತು. ಇವನಿಗೆ ಏನೋ ಬೇಕಾಗಿದೆ, ಚೆಕ್ಕಿನಲ್ಲಿ ಬೇಕಾಗಿದೆ ಎಂದುಕೊಂಡಳು. ತಡಕಾಡಿದಳು, ಅವಳ ಬಳಿ ಆ ಭಾಷೆಯದು ಇದ್ದುದೇ ಒಂದು ವಾಕ್ಯ. ಗಡಿಗೆಯನ್ನು ಅವರ ಕಾಲ ಬಳಿ ಇಟ್ಟು, ಮುಖವೆತ್ತಿ, ಅದೇ ಸೊಟ್ಟ ಉಚ್ಚಾರಣೆಯಲ್ಲಿ ಹೇಳಿದಳು: "ಉಣ್ಣು ಕಂದಾ, ಅಳಬ್ಯಾಡ."

ಚೌಕವೇ ಬಿದ್ದು ಬಿದ್ದು ನಕ್ಕಿತು. ಬಿಲ್ಲೆ ಧರಿಸಿದ ನಡುವಯಸ್ಸಿನ ಅಧ್ಯಕ್ಷರಿಗೆ ಮುದುಕಿಯೊಬ್ಬಳು ಅಳಬೇಡ ಎನ್ನುವುದು ತಮಾಷೆಯಲ್ಲದೆ ಇನ್ನೇನು? ಆಕೆಯೂ ತಾನು ಸರಿಯಾಗಿ ಹೇಳಿದೆನೆಂದು ತಿಳಿದು ಸ್ವಲ್ಪ ನಕ್ಕಳು. ಆಮೇಲೆ ಅವರ ಮುಖ ನೋಡಿದಳು, ನಗು ನಿಲ್ಲಿಸಿದಳು, ತಲೆವಸ್ತ್ರವನ್ನು ಗದ್ದದಡಿ ಬಿಗಿದು ಕಟ್ಟಿಕೊಂಡು ತಿರುಗಿ ನಡೆದಳು. ಆ ನಗು ನನ್ನ ಊರಿನ ನಗು. ಬರೆಯುವಾಗ ಇಂದಿಗೂ ನನಗೆ ಮುಖ ಬಿಸಿಯಾಗುತ್ತದೆ.

ಮುಂದಿನ ವಾರ ನಮ್ಮ ಪತ್ರಿಕೆ, ಸಂತೆಯಲ್ಲಿ ಜರ್ಮನ್ ಮಾತಿಗೆ ತಕ್ಕ ಉತ್ತರ ಕೊಟ್ಟ ಧೀರರೆಂದು ಅವರನ್ನು ಹೊಗಳಿತು. ಅವರು ಅದನ್ನು ಓದಿ ಮಡಿಸಿಟ್ಟರು. ಲೇಹ್ಯದ ಗಡಿಗೆ ಅಂಗಡಿಯ ಹಲಗೆಯ ಮೇಲೆ ಬಾಯಿ ಕಟ್ಟಿದಂತೆಯೇ ಕೂತಿತ್ತು. ಹೆಂಡತಿ ತೆಗೆಯಹೋದರೆ, "ಮುಟ್ಟಬೇಡ" ಎಂದರು.

ಲೋನಿ ಅಮ್ಮ ಹೇಳಿದ ಹಾಗೆಯೇ ಆ ಚಳಿಯಲ್ಲಿ ಹೋಗಿಬಿಟ್ಟಳು. ಆ ಹಳ್ಳಿಯಲ್ಲಿ ಆರ್ಗನ್ ನುಡಿಸುವಾತನಿಗೆ ಜ್ವರ ಬಂದದ್ದರಿಂದ ನನಗೆ ಕರೆ ಬಂತು. ನಾನು ಚರ್ಚಿನ ಕೆಲಸ ಮುಗಿಸಿ ಶವದ ಹಿಂದೆ ಸ್ಮಶಾನಕ್ಕೆ ಹೋಗುವಾಗ ಕೊಪ್ರಿವಾ ಅದರ ಬಾಗಿಲ ಹೊರಗೆ ನಿಂತಿದ್ದರು. ಹಿಮದಲ್ಲಿ ಗುಡ್ಡ ಹತ್ತಿ ಬಂದು ಷೂ ಎಲ್ಲ ಒದ್ದೆಯಾಗಿತ್ತು. ಬಾಗಿಲಿಗೆ ಅಡ್ಡಲಾಗಿ ಎದೆಗೆ ನೀಲಿ ಕಾಗದದ ಹೂ ಸಿಕ್ಕಿಸಿಕೊಂಡ ಹಳ್ಳಿಯ ಯುವಕರು. ಅದು ಅವರ ಸಂಘದ ಗುರುತು. ನಮ್ಮ ಪತ್ರಿಕೆಯ ಹೊಗಳಿಕೆ ಅಲ್ಲಿಗೂ ಭಾಷಾಂತರವಾಗಿ ತಲುಪಿತ್ತು.

ಒಬ್ಬ, ಚೆಕ್ಕಿನಲ್ಲೇ, ಬಹಳ ಮರ್ಯಾದೆಯಿಂದ ಹೇಳಿದ: "ಟೋಪಿ ಯಜಮಾನ್ರೇ, ನಮ್ಮ ಪಾದ್ರಿ ಪ್ರಾರ್ಥನೆ ಹೇಳೋದು ಜರ್ಮನ್ನಲ್ಲಿ. ನಿಮಗೆ ಬರಲ್ವಂತಲ್ಲ? ಪಾಪ, ಅರ್ಥ ಆಗದೇ ಇರೋದಕ್ಕೆ ಯಾಕೆ ಚಳೀಲಿ ನಿಲ್ತೀರಿ?"

ಕೊಪ್ರಿವಾ ಬಾಯಿ ತೆರೆದರು. ಒಂದು ಜರ್ಮನ್ ಮಾತು ಸಾಕಿತ್ತು. ಅದು ಗಂಟಲವರೆಗೆ ಬಂದದ್ದನ್ನು ನಾನು ಕಂಡೆ. ಆದರೆ ಅದನ್ನು ಹೊರಗೆ ಬಿಟ್ಟರೆ ಸಂತೆಯ ದಿನ ತಾನು ಮಾಡಿದ್ದು ಏನೆಂಬುದನ್ನು ಆ ಹುಡುಗರ ಮುಂದೆಯೇ ಒಪ್ಪಿಕೊಂಡಂತೆ. "ಸರಿಯಪ್ಪ, ಸರಿ" ಎಂದರು ಚೆಕ್ಕಿನಲ್ಲಿ.

ಗುಂಡಿಯ ಬಳಿ ಪಾದ್ರಿ, ಮನೆಯವರು ಯಾರಾದರೂ ಮುಂದೆ ಬನ್ನಿ ಎಂದರು. ಯಾರೂ ಬರಲಿಲ್ಲ. ಪಾದ್ರಿಯೇ ಮೊದಲ ಹಿಡಿ ಹಾಕಿದರು. ಸ್ಮಶಾನದ ಗೋಡೆ ಮೋಟು, ಆಚೆ ಕೊಪ್ರಿವಾ ಬರಿತಲೆಯಲ್ಲಿ ಮೊಣಕಾಲೂರಿ, ಹೆಪ್ಪುಗಟ್ಟಿದ ನೆಲವನ್ನು ಉಗುರಿನಿಂದ ಕೆರೆಯುತ್ತಿರುವುದು ಕಾಣುತ್ತಿತ್ತು.

ಹಿಂದಿರುಗುವಾಗ ಇಬ್ಬರೂ ಜೊತೆಯಲ್ಲಿ ಗುಡ್ಡ ಇಳಿದೆವು. ಅವರು ಟೋಪಿಯನ್ನು ಬಾಯಿ ಮೇಲಾಗಿ ಎರಡೂ ಕೈಯಲ್ಲಿ ಹಿಡಿದಿದ್ದರು. ಅದರೊಳಗೆ ಆ ಹಿಡಿ ಮಣ್ಣಿತ್ತು. ತಲೆಯ ಮೇಲೆ ಹಿಮ ಬೀಳುತ್ತಿತ್ತು. ನನ್ನ ಶಾಲನ್ನಾದರೂ ಸುತ್ತಿಕೊಳ್ಳಿ ಎಂದೆ, ಕೇಳಲಿಲ್ಲ. ಬಹಳ ದೂರ ಬಂದ ಮೇಲೆ, "ಮೇಷ್ಟ್ರೇ, ಆ ಟಿಕೆಟ್ ಕೊಡೋನು ನನಗೆ ಏನ್ ಮಾಡಿದ್ನೋ, ಅದನ್ನೇ ನಾನು ಅವಳಿಗೆ ಮಾಡ್ದೆ" ಎಂದರು. ಟೋಪಿಯೊಳಗಿನ ಮಣ್ಣನ್ನು ನೋಡುತ್ತ, "ಅವನಿಗಾದ್ರೂ ನನ್ನ ಪರಿಚಯ ಇರ್ಲಿಲ್ಲ" ಎಂದರು. ಊರು ಸೇರಿ ಔಷಧಿ ಅಂಗಡಿಯ ಮೂಲೆಗೆ ಬಂದಾಗ, ಅವಳು ಗಡಿಗೆ ಇಟ್ಟಿದ್ದ ಜಾಗದ ಕಲ್ಲುಗಳ ಸಂದಿನಲ್ಲಿ ಆ ಮಣ್ಣನ್ನು ಸುರಿದು, ಷೂವಿನ ತುದಿಯಿಂದ ಒತ್ತಿ, ಬರಿತಲೆಯಲ್ಲೇ ಚೌಕ ದಾಟಿದರು. ಅಂದಿನಿಂದ ಆ ವ್ರತ. ಸಂಘದ ಅಧ್ಯಕ್ಷತೆ ಬಿಟ್ಟರು, ಕಾಲುನೋವು ಎಂದರು. ಕೋಟಿನ ಮೇಲೆ ಬಿಲ್ಲೆಯಿದ್ದ ಕಡೆ ಮಾಸದ ದುಂಡನೆಯ ಗುರುತೊಂದು ಉಳಿಯಿತು.

ಮಹಾಯುದ್ಧ ಬಂದು ಹೋಯಿತು, ಸಾಮ್ರಾಜ್ಯವೂ ಹೋಯಿತು. ಹದ್ದನ್ನು ಹಗ್ಗ ಕಟ್ಟಿ ಎಳೆದು ಕೆಡವಿದ ದಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಪ್ರಿವಾ ಎಂದಿನಂತೆ ಟೋಪಿ ಕಂಕುಳಲ್ಲಿಟ್ಟು ಬಂದರು. ಸಂಘದ ಹೊಸ ಅಧ್ಯಕ್ಷ, ಒಬ್ಬ ಯುವ ವಕೀಲ, ಅವರನ್ನು ಕೈಹಿಡಿದು ವೇದಿಕೆಗೆ ಹತ್ತಿಸಿದ. "ನೋಡಿ, ನಮ್ಮ ಹಿರೀಕರು ಬಾವುಟಕ್ಕೆ ಹೇಗೆ ತಲೆಬಾಗ್ತಾರೆ! ಯಜಮಾನ್ರೇ, ಅವತ್ತು ಇದೇ ಜಾಗದಲ್ಲಿ ಆ ಜರ್ಮನ್ ಮುದುಕಿಗೆ ಏನ್ ಉತ್ತರ ಕೊಟ್ರಿ, ಒಂದ್ಸಲ ಹೇಳಿ. ನಮ್ಮ ಹುಡುಗರು ಕೇಳ್ಲಿ."

ಅವರು ಬಹಳ ಹೊತ್ತು ಔಷಧಿ ಅಂಗಡಿಯ ಮೂಲೆಯನ್ನೇ ನೋಡಿದರು. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಎಲ್ಲರೆದುರು, ಗುಡ್ಡದಾಚೆಯ ದ್ರಾಕ್ಷಿತೋಟದವರ ಅಪ್ಪಟ ಜರ್ಮನ್ನಿನಲ್ಲಿ ಹೇಳಿದರು: "ಲೋನಿ ಅಮ್ಮಾ, ನನಗೆ ಜರ್ಮನ್ ಬರುತ್ತೆ."

ಚೌಕ ಘೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಮುದುಕ ಜರ್ಮನರನ್ನು ಅಣಕಿಸುತ್ತಿದ್ದಾನೆಂದು, ಎಷ್ಟು ತದ್ವತ್ತಾಗಿ ಅಣಕಿಸುತ್ತಾನೆಂದು ಜನ ತಿಳಿದರು. ವೊಂದ್ರಾ ಕಣ್ಣೀರು ಒರೆಸಿಕೊಳ್ಳುತ್ತ, "ಇನ್ನೊಂದ್ಸಲ, ಇನ್ನೊಂದ್ಸಲ!" ಎಂದ. ಕೊಪ್ರಿವಾ ಇನ್ನೊಂದು ಸಲವೂ ಹೇಳಿದರು, ಮೊದಲಿಗಿಂತ ಗಟ್ಟಿಯಾಗಿ. ಚಪ್ಪಾಳೆಯೂ ಮೊದಲಿಗಿಂತ ಜೋರಾಯಿತು. ಅವರು ಇಳಿದು, ಎಡಗಾಲು ಎಳೆಯುತ್ತ, ಜನ ಬಿಟ್ಟ ದಾರಿಯಲ್ಲಿ ಮನೆಗೆ ಹೋದರು. ಮುಂದಿನ ವಸಂತದಲ್ಲಿ ತೀರಿಕೊಂಡರು. ಶವಪೆಟ್ಟಿಗೆಯ ಮೇಲೆ ಬಾವುಟ ಹೊದಿಸಿದರು. ಚೌಕಕ್ಕೆ ಸೇರುವ ಒಂದು ಬೀದಿಗೆ ಅವರ ಹೆಸರನ್ನೂ ಇಟ್ಟಿದ್ದಾರೆ.

ಇಂಥವರು ಕ್ರೂರಿಗಳಲ್ಲ. ನಿಜವಾಗಿ ನೊಂದವರು; ಅವರ ನೋವಿಗೆ ಕಾರಣವೂ ಸುಳ್ಳಲ್ಲ. ಆದರೆ ಅವಮಾನ ಮಾಡಿದವನು ಎಂದೂ ಕೈಗೆ ಸಿಗುವುದಿಲ್ಲ, ಅವನು ಕಿಂಡಿ ಮುಚ್ಚಿ ಒಳಗೆ ಹೋಗಿಬಿಡುತ್ತಾನೆ. ಕೈಗೆ ಸಿಗುವವರು ಗಡಿಗೆ ಹೊತ್ತು ತಾವಾಗಿ ಹುಡುಕಿಕೊಂಡು ಬರುವವರು, ನಮ್ಮನ್ನು ಕೂಸಿನ ಹೆಸರಿನಿಂದ ಕರೆಯುವವರು. ಲೆಕ್ಕವೆಲ್ಲ ಅವರ ಮೇಲೆ ತೀರುತ್ತದೆ. ಆಮೇಲೆ ಈ ಮನುಷ್ಯರು ಬಾಳಿಡೀ ತಲೆ ತಗ್ಗಿಸಿ ನಡೆಯುತ್ತಾರೆ, ನಾವು ಅದನ್ನು ಬಾವುಟಕ್ಕೆ ಮಾಡಿದ ನಮಸ್ಕಾರವೆಂದು ಬರೆದುಕೊಳ್ಳುತ್ತೇವೆ. ತಪ್ಪೊಪ್ಪಿಕೊಂಡರೆ ಚಪ್ಪಾಳೆ ತಟ್ಟುತ್ತೇವೆ. ಅವರಿಗಾದರೂ ನಾಚಿಕೆಪಡಲು ಒಂದು ಮೂಲೆಯಿತ್ತು, ನಮಗೆ ಅದೂ ಇಲ್ಲ.